ಮಲೆನಾಡಿನ ದಾದಿಯರು: ಸೇವೆಯ ಇತಿಹಾಸ ಮತ್ತು ಶಿಕ್ಷಣದ ಮುಂದಿನ ಮೆಟ್ಟಿಲು

ನಮ್ಮ ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ದೇವಾಲಯದ ಕಟ್ಟಡ, ಶಾಲೆ ಹಾಗೂ ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರ ಬಗ್ಗೆ ಈ ಸ್ಮರಣ ಸಂಚಿಕೆಯ ಇತರ ಲೇಖನಗಳಲ್ಲಿ ವಾಚಕರು ಓದುವರು. ನಾವು ಆರಿಸಿಕೊಂಡ ವಿಷಯ ಸ್ವಲ್ಪ ಬೇರೆ. ಧರ್ಮಕೇಂದ್ರದ ಕಚೇರಿಯ ಕಪಾಟಿನಲ್ಲಿ ಜ್ಞಾನಸ್ನಾನ, ವಿವಾಹ, ಮರಣ ಎಂದು ಮೂರು ಬಗೆಯ ದಫ್ತರಗಳಿವೆ. ಶತಮಾನೋತ್ಸವದ ಸಿದ್ಧತೆಗಾಗಿ ಅವುಗಳ ಹಳೆಯ ಹಾಳೆಗಳನ್ನು ತಿರುವುತ್ತಿದ್ದಾಗ, ಮರಣದ ದಫ್ತರದಲ್ಲಿ ಎರಡು ಶಬ್ದಗಳು ಮತ್ತೆ ಮತ್ತೆ ನಮ್ಮ ಕಣ್ಣಿಗೆ ಬಿದ್ದವು: ಒಂದು ಜ್ವರ, ಇನ್ನೊಂದು ಹೆರಿಗೆ. ತಾಯಿಯ ಹೆಸರಿನ ಕೆಳಗೇ ಅದೇ ದಿನಾಂಕದಲ್ಲಿ ಹೆಸರಿಡದ ಹಸುಗೂಸಿನ ದಾಖಲೆಯೂ ಇರುವ ಪುಟಗಳನ್ನು ಓದಿ ಮುಂದಿನ ಪುಟಕ್ಕೆ ಹೋಗುವುದು ಸುಲಭವಲ್ಲ. ಈ ಸಾವುಗಳನ್ನು ತಡೆಯಲು ಕಳೆದ ನೂರು ವರ್ಷಗಳಲ್ಲಿ ಯಾರು ಏನು ಮಾಡಿದರು, ಇನ್ನು ಮಾಡಬೇಕಾದ್ದು ಏನು ಎಂಬುದನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ನಮ್ಮ ಜನರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಅಂದಿನ ಮಲೆನಾಡನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಘಟ್ಟದ ಕೆಳಗಿನಿಂದ ನಮ್ಮ ಹಿರಿಯರು ಕಾಫಿ ತೋಟಗಳ ಕೆಲಸಕ್ಕೆಂದು ಮೇಲೆ ಬಂದ ಕಾಲದಲ್ಲಿ, ಆಗಿನ ಕಡೂರು ಜಿಲ್ಲೆಯ ಈ ಭಾಗ ಚಳಿಜ್ವರದ ಬೀಡಾಗಿತ್ತು. ಮಲೇರಿಯಾದಿಂದ ಮನೆಗಳು ಬರಿದಾಗಿ ಗದ್ದೆಗಳು ಪಾಳು ಬೀಳುತ್ತಿದ್ದವು. ಮೈಸೂರು ಸರ್ಕಾರ ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ, ಅವುಗಳಲ್ಲಿ ಒಂದನ್ನು ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಇಟ್ಟದ್ದು ಅಕಸ್ಮಾತ್ತಾಗಿ ಅಲ್ಲ. ಸ್ವಾತಂತ್ರ್ಯಾನಂತರ ಡಿ.ಡಿ.ಟಿ. ಸಿಂಪಡಣೆ ಮತ್ತು 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಿಂದ ಆ ಪೀಡೆ ಇಳಿಯಿತು. ಹೆರಿಗೆಯ ಮಾತು ಬೇರೆ. ಅದು ಬಹುಕಾಲ ಊರ ಸೂಲಗಿತ್ತಿಯ ಕೈಯಲ್ಲೇ ಇತ್ತು. ಆಕೆಗೆ ಅನುಭವವಿತ್ತು, ಕರುಣೆಯಿತ್ತು. ರಕ್ತಸ್ರಾವ ನಿಲ್ಲದಿದ್ದಾಗ ಕೊಡಲು ಔಷಧಿ ಮಾತ್ರ ಇರಲಿಲ್ಲ.

ಧರ್ಮಸಭೆಯ ವೈದ್ಯಸೇವೆ ಅಷ್ಟು ಹೊತ್ತಿಗೆ ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಬೇರೂರಿತ್ತು. ಜರ್ಮನಿಯ ಯೇಸುಸಭೆಯ ಗುರು ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವೊಂದನ್ನು ಆರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಒದಗಿತು. 1902ರಲ್ಲಿ ಪ್ಲೇಗು ಪೀಡಿತರಿಗೆ ಆಸ್ಪತ್ರೆಯಾಯಿತು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಸಹೋದರಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ಸ್ಥಾಪಿಸಿದರು. ಘಟ್ಟದ ಮೇಲಿನ ನಮ್ಮ ಹಿರಿಯರು ಕಾಯಿಲೆ ಬಿದ್ದವರನ್ನು ಜೋಲಿಯಲ್ಲಿ, ಎತ್ತಿನ ಗಾಡಿಯಲ್ಲಿ, ಅನಂತರ ಬಸ್ಸಿನಲ್ಲಿ ಕಂಕನಾಡಿಗೆ ಒಯ್ಯುತ್ತಿದ್ದ ಕಥೆಗಳನ್ನು ಇಂದಿಗೂ ಹಿರಿಯರ ಬಾಯಿಂದ ಕೇಳಬಹುದು.

ಆದರೆ ಇಲ್ಲಿ ನಾವು ವಿನಯದಿಂದ ಒಪ್ಪಿಕೊಳ್ಳಬೇಕಾದ ಒಂದು ಸಂಗತಿಯಿದೆ. ಮರಣದ ದಫ್ತರದಲ್ಲಿ 'ಹೆರಿಗೆ' ಎಂಬ ಶಬ್ದ ಪದೇ ಪದೇ ಬರೆಯಲ್ಪಡುತ್ತಿದ್ದ ಆ ಕಾಲದಲ್ಲಿ, ಹೆರಿಗೆ ಮಾಡಿಸುವ ಕೆಲಸ ಧರ್ಮಸಭೆಯ ನಿಯಮದ ಪ್ರಕಾರ ಕನ್ಯಾಸ್ತ್ರೀಯರಿಗೆ ಸಲ್ಲುತ್ತಿರಲಿಲ್ಲ. ಅವರ ವ್ರತಜೀವನಕ್ಕೆ ಅದು ಒಪ್ಪುವುದಲ್ಲ ಎಂದು ಹಿಂದಿನವರು ಭಾವಿಸಿದ್ದರು. ಪರಪುರುಷ ವೈದ್ಯರ ಮುಂದೆ ಬರಲೊಲ್ಲದೆ ಸಾಯುತ್ತಿದ್ದ ಸ್ತ್ರೀಯರನ್ನು ರಾವಲ್ಪಿಂಡಿಯಲ್ಲಿ ಕಣ್ಣಾರೆ ಕಂಡ ಆಸ್ಟ್ರಿಯದ ವೈದ್ಯೆ ಆ್ಯನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಸೇವೆಗೆಂದೇ ಒಂದು ಸಹೋದರಿ ಸಂಘವನ್ನು ಕಟ್ಟಿ, ಈ ನಿಯಮ ಬದಲಾಗಬೇಕೆಂದು ವರ್ಷಗಟ್ಟಲೆ ಬಿನ್ನವಿಸಿಕೊಂಡರು. ಕಟ್ಟಕಡೆಗೆ 1936ರ ಫೆಬ್ರುವರಿಯಲ್ಲಿ ರೋಮಿನ ಧರ್ಮಪ್ರಚಾರ ಮಹಾಸಭೆ ಹೊರಡಿಸಿದ ಆದೇಶವು ಸಹೋದರಿಯರು ಪ್ರಸೂತಿ ಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಕಲಿತು ಆಚರಿಸಲು ಅನುಮತಿ ನೀಡಿತು. ತಜ್ಞತೆಯ ಪದವಿ ಪಡೆಯಬೇಕೆಂಬ ಪ್ರೋತ್ಸಾಹವೂ ಅದರಲ್ಲಿತ್ತು. ದಾದಿಯ ಶಿಕ್ಷಣದ ಇತಿಹಾಸದಲ್ಲಿ ಧರ್ಮಸಭೆ ಇಟ್ಟ ಹೆಜ್ಜೆಗಳಲ್ಲಿ ಇದು ಅತಿ ಮುಖ್ಯವಾದುದೆಂದು ನಮ್ಮ ಭಾವನೆ. ಬರಿಯ ಒಳ್ಳೆಯ ಮನಸ್ಸು ಸಾಲದು, ಕಲಿತ ಕೈಯೂ ಬೇಕು ಎಂಬುದನ್ನು ಅಂದು ಅಧಿಕೃತವಾಗಿ ಅಂಗೀಕರಿಸಲಾಯಿತು.

ಇದಾದ ಏಳು ವರ್ಷಗಳಿಗೆ, 1943ರಲ್ಲಿ, ಗುಂಟೂರಿನಲ್ಲಿ ದುಡಿಯುತ್ತಿದ್ದ ಆಸ್ಟ್ರೇಲಿಯದ ವೈದ್ಯೆ ಸಿಸ್ಟರ್ ಮೇರಿ ಗ್ಲೌರಿಯವರ ನೇತೃತ್ವದಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘ ಹುಟ್ಟಿತು. ಇಂದಿನ ಭಾರತದ ಕಥೋಲಿಕ ಆರೋಗ್ಯ ಸಂಘಕ್ಕೆ ಅದೇ ಮೂಲ. ನಮ್ಮವರದೇ ಒಂದು ವೈದ್ಯಕೀಯ ಕಾಲೇಜು ಬೇಕೆಂಬುದು ಆ ಸಹೋದರಿಯ ಕನಸಾಗಿತ್ತು. 1957ರಲ್ಲಿ ಅವರು ಬೆಂಗಳೂರಿನಲ್ಲಿ ದೈವಾಧೀನರಾದರು. ಅದೇ ನಗರದಲ್ಲಿ 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ತೆರೆಯಿತು. ಅದೇ 1963ರಲ್ಲಿ ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರವೂ ಮೈಸೂರಿನಿಂದ ಬೇರ್ಪಟ್ಟು ಸ್ಥಾಪನೆಯಾಯಿತೆಂಬುದನ್ನು ವಾಚಕರಿಗೆ ನೆನಪಿಸಬಯಸುತ್ತೇವೆ. ಕಂಕನಾಡಿಯಲ್ಲಿ 1960ರಿಂದಲೇ ದಾದಿಯರ ಶಾಲೆ ನಡೆಯುತ್ತಿತ್ತು. ನಮ್ಮ ಧರ್ಮಕೇಂದ್ರದ ಕುಟುಂಬಗಳ ಹೆಣ್ಣುಮಕ್ಕಳು ಬಿಳಿಯ ಸಮವಸ್ತ್ರ ತೊಟ್ಟು ದೀಪ ಹಿಡಿದು ನಿಂತ ಭಾವಚಿತ್ರ ಇಂದು ಎಷ್ಟೋ ಮನೆಗಳ ಗೋಡೆಯ ಮೇಲಿದೆ.

ಸಂತ ಜಾನರ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. 1973ರಲ್ಲಿ ಆಗಿನ ಕೋಲಾರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ, ಹಾಲು ಉತ್ಪಾದಕರ ಸಹಕಾರ ಸಂಘದ ಜೊತೆ ಸೇರಿ ಆರೋಗ್ಯ ಸಹಕಾರ ಕೇಂದ್ರವೊಂದನ್ನು ನಡೆಸಲಾಯಿತು. ರೈತರು ಮಾರಿದ ಹಾಲಿನ ಹಣದಲ್ಲಿ ಕೆಲವು ಪೈಸೆಗಳನ್ನು ಆರೋಗ್ಯಕ್ಕೆಂದು ಮುಡಿಪಿಟ್ಟರು. ಊರಿನ ಆರೋಗ್ಯಸೇವೆಯ ಖರ್ಚಿನಲ್ಲಿ ಊರೂ ಪಾಲುಗೊಳ್ಳಬಲ್ಲದೆಂಬುದಕ್ಕೆ ಅದು ನಿದರ್ಶನ. ಐದು ವರ್ಷಗಳ ಬಳಿಕ, 1978ರಲ್ಲಿ, ಆಲ್ಮಾ ಆಟಾದಲ್ಲಿ ಸೇರಿದ ವಿಶ್ವಸಮ್ಮೇಳನವು ಪ್ರಾಥಮಿಕ ಆರೋಗ್ಯವನ್ನು ಜನರ ಮನೆಬಾಗಿಲಿಗೆ ಒಯ್ಯಬೇಕೆಂದು ಸಾರಿತು.

ಸರ್ಕಾರದ ಪಾತ್ರವೂ ದೊಡ್ಡದು. 1946ರ ಭೋರ್ ಸಮಿತಿಯ ವರದಿಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ಬಂದಿತು. ಈಗಿನ ನಿಯಮದಂತೆ ಗುಡ್ಡಗಾಡು ಪ್ರದೇಶದಲ್ಲಿ 3,000 ಜನರಿಗೆ ಒಂದು ಉಪಕೇಂದ್ರ, 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 80,000 ಜನರಿಗೆ 30 ಹಾಸಿಗೆಗಳ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಕಾಗದದ ಮೇಲೆ ಇದು ಒಳ್ಳೆಯ ಲೆಕ್ಕ. ಆದರೆ ನಮ್ಮಲ್ಲಿ 3,000 ಜನರೆಂದರೆ ಒಂದು ಊರಲ್ಲ. ಹಳ್ಳ, ಕಾಡು, ತೋಟಗಳ ನಡುವೆ ಚದುರಿದ ಒಂಟಿ ಮನೆಗಳು. ಮಳೆಗಾಲದಲ್ಲಿ ಸಂಕ ಕೊಚ್ಚಿಹೋದರೆ ಅರ್ಧ ಮೈಲಿಯ ದಾರಿ ನಾಲ್ಕು ಮೈಲಿಯಾಗುತ್ತದೆ. ನರಸಿಂಹರಾಜಪುರದ ಕಡೆ ಭದ್ರಾ ಜಲಾಶಯದ ಹಿನ್ನೀರು ಹಳೆಯ ದಾರಿಗಳನ್ನು ನುಂಗಿದೆ. ರೋಗ ಉಲ್ಬಣಿಸಿದರೆ ಶಿವಮೊಗ್ಗೆಗೆ ಓಡಬೇಕು, ಇಲ್ಲವೇ ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಬೇಕು. ಈ ದಾರಿಯಲ್ಲಿ ಪ್ರಾಣ ಬಿಟ್ಟವರಿಗೆ ಲೆಕ್ಕವಿಟ್ಟವರಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯಡಿ ಉಪಕೇಂದ್ರಗಳನ್ನು ಮೇಲ್ದರ್ಜೆಗೆ ಏರಿಸಲು ಹೊರಟಿತು. ಈ ಕೇಂದ್ರಗಳಿಗೆ 2023ರಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು ಬಂದಿತು. ವೈದ್ಯರಿಲ್ಲದ ಅಲ್ಲಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆ ಬಂದಿತು. ಶುಶ್ರೂಷಾ ಪದವಿ ಪಡೆದವರಿಗೆ ಆರು ತಿಂಗಳ ಸಮುದಾಯ ಆರೋಗ್ಯ ಶಿಕ್ಷಣ ಕೊಟ್ಟು ಈ ಹುದ್ದೆಗೆ ಕಳುಹಿಸಲಾಯಿತು. ಮುಂದೆ ಆ ಪಾಠಗಳನ್ನು ಶುಶ್ರೂಷಾ ಪದವಿಯ ಪಠ್ಯಕ್ರಮದಲ್ಲೇ ಸೇರಿಸಲಾಯಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಗರ್ಭಿಣಿಯರ ತಪಾಸಣೆ, ಬಾಯಿಯ ಹಾಗೂ ಸ್ತನದ ಕ್ಯಾನ್ಸರಿನ ಪತ್ತೆ, ದೂರವಾಣಿಯ ಮೂಲಕ ವೈದ್ಯರ ಸಲಹೆ, ಇವೆಲ್ಲ ಆಕೆಯ ಹೊಣೆ. ನಮ್ಮ ಹಳ್ಳಿಗಳಲ್ಲಿ ಜನರು ಆಕೆಯನ್ನು 'ಸಿಸ್ಟರ್' ಎಂದೇ ಕರೆಯುತ್ತಾರೆ.

ಇದು ನಿಜಕ್ಕೂ ಒಳ್ಳೆಯ ಏರ್ಪಾಡು. ಆದರೂ ಇದರಲ್ಲಿ ಒಂದು ಕೊರತೆಯಿದೆಯೆಂದು ನಮಗೆ ತಿಳಿದದ್ದು ಕೆಲವು ವರ್ಷಗಳ ಹಿಂದಿನ ಒಂದು ರಾತ್ರಿ. ತೋಟವೊಂದರ ಲೈನು ಮನೆಯಿಂದ ರೋಗಿಯ ಅಭ್ಯಂಗಕ್ಕೆ ಕರೆ ಬಂದಿತ್ತು. ನಾವು ತಲುಪುವಷ್ಟರಲ್ಲಿ ಐವತ್ತು ದಾಟದ ಆ ತಾಯಿಯ ಮಾತು ನಿಂತಿತ್ತು, ಬಲಗೈ ಬಲಗಾಲು ಬಿದ್ದುಹೋಗಿದ್ದವು. ಬೆಳಗಾಗುವ ಮೊದಲೇ ಪ್ರಾಣ ಹೋಯಿತು. ಎರಡು ವಾರಗಳ ಹಿಂದೆ ಅದೇ ತಾಯಿಯ ರಕ್ತದೊತ್ತಡವನ್ನು ಅಳೆದಿದ್ದ ದಾದಿ ಶವಸಂಸ್ಕಾರಕ್ಕೆ ಬಂದು, ಎಲ್ಲರೂ ಹೋದ ಮೇಲೆ ನಮ್ಮೆದುರು ನಿಂತು ಅತ್ತಳು. ಇಪ್ಪತ್ಮೂರು ವರ್ಷದ ಹುಡುಗಿ, ಬಯಲುಸೀಮೆಯವಳು, ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ.

"ಫಾದರ್, ನಂಬರು ನೋಡಿ ನನಗೇ ಕೈ ನಡುಗಿತು. ಮಾತ್ರೆ ಶುರು ಮಾಡ್ಲಾ, ದೊಡ್ಡ ಆಸ್ಪತ್ರೆಗೆ ಕಳಿಸ್ಲಾ, ಗೊತ್ತಾಗಲಿಲ್ಲ. ಫೋನು ಸಿಗ್ಲಿಲ್ಲ. ಆಮೇಲೆ ಬನ್ನಿ ಅಂದೆ. ಅವರು ಕೆಲಸ ಬಿಟ್ಟು ಮತ್ತೆ ಬರಲಿಲ್ಲ," ಎಂದಳು.

ತಪ್ಪು ಯಾರದು? ಆ ಹುಡುಗಿಯದೆಂದು ನಾವು ಹೇಳಲಾರೆವು. ಆಕೆ ಪುಸ್ತಕ ಓದಿದ್ದಳು, ಪರೀಕ್ಷೆ ಪಾಸಾಗಿದ್ದಳು. ಒಬ್ಬಳೇ ಕುಳಿತು ತೀರ್ಮಾನ ಮಾಡುವುದನ್ನು ಮಾತ್ರ ಯಾರೂ ಜೊತೆಗೆ ನಿಂತು ಕಲಿಸಿರಲಿಲ್ಲ. ನಾವು ಗುರುದೀಕ್ಷೆ ಪಡೆದ ದಿನವೇ ನಮ್ಮನ್ನು ಒಂಟಿ ಧರ್ಮಕೇಂದ್ರಕ್ಕೆ ಕಳುಹಿಸಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ಓದಿದ ಮೇಲೂ ಅನುಭವಿ ಗುರುಗಳ ಕೈಕೆಳಗೆ ಸಹಾಯಕ ಗುರುವಾಗಿ ದುಡಿದ ಬಳಿಕವೇ ಸ್ವತಂತ್ರ ಹೊಣೆ ಬಂದಿತು. ವೈದ್ಯರಿಗೂ ಪದವಿಯ ಬಳಿಕ ಆಸ್ಪತ್ರೆಯಲ್ಲೇ ಇದ್ದು ಕಲಿಯುವ ಅವಧಿಯುಂಟು. ಕಾಡಿನ ನಡುವೆ ಒಬ್ಬಳೇ ಜೀವದ ಹೊಣೆ ಹೊರುವ ದಾದಿಗೇಕೆ ಅದಿಲ್ಲ?

ಈ ಪ್ರಶ್ನೆಯನ್ನು ಲೋಕದಲ್ಲಿ ಮೊದಲು ಕೇಳಿದವರು ನಾವಲ್ಲ. ಅಮೆರಿಕೆಯ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಸಮುದಾಯ ಆರೋಗ್ಯ ದಾದಿಯೂ ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೂ ಸೇರಿ 1965ರಲ್ಲಿ ಹೊಸ ಶಿಕ್ಷಣವೊಂದನ್ನು ಆರಂಭಿಸಿದರು. ರೋಗವನ್ನು ತಾನೇ ಗುರುತಿಸಿ, ನಿಗದಿತ ಮಿತಿಯಲ್ಲಿ ಚಿಕಿತ್ಸೆಯನ್ನೂ ನೀಡಬಲ್ಲ ಈ ದಾದಿಯನ್ನು ನರ್ಸ್ ಪ್ರಾಕ್ಟೀಷನರ್ ಎಂದು ಕರೆದರು. ಅದಾದ ನಾಲ್ಕು ದಶಕಗಳ ಮೇಲೂ, ಬಡವರ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಹೊಸದಾಗಿ ಬಂದ ಇಂಥ ದಾದಿಯರು ಮೊದಲ ವರ್ಷದ ಭಾರಕ್ಕೆ ಕುಸಿಯುವುದನ್ನು ಮಾರ್ಗರೆಟ್ ಫ್ಲಿಂಟರ್ ಎಂಬ ಹಿರಿಯ ದಾದಿ ಗಮನಿಸಿದರು. ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನಿನ ಸಮುದಾಯ ಆರೋಗ್ಯ ಕೇಂದ್ರದಲ್ಲಿ 2007ರಲ್ಲಿ ಅವರು ನಾಲ್ವರೇ ನಾಲ್ವರಿಗೆ ಹನ್ನೆರಡು ತಿಂಗಳ ಸ್ನಾತಕೋತ್ತರ ತರಬೇತಿಯನ್ನು ತೆರೆದರು. ಕ್ರಮ ಸರಳವಾದುದು. ವಾರದ ಕೆಲವು ದಿನ ತನ್ನದೇ ರೋಗಿಗಳನ್ನು ನೋಡುವುದು. ಆಗ ಪಕ್ಕದಲ್ಲೇ ಮಾರ್ಗದರ್ಶಕರೊಬ್ಬರು ಇರುವರು, ಅವರಿಗೆ ಆ ಹೊತ್ತಿಗೆ ಬೇರೆ ಕೆಲಸವಿರದು. ಕೆಲವು ದಿನ ತಜ್ಞರ ಬಳಿ ಕಲಿಯುವುದು. ವಾರಕ್ಕೊಮ್ಮೆ ಪಾಠ. ಮುಖ್ಯವಾಗಿ, ಕಲಿಯುವ ಸ್ಥಳ ನಗರದ ದೊಡ್ಡ ಆಸ್ಪತ್ರೆಯಲ್ಲ. ಆಕೆ ಮುಂದೆ ದುಡಿಯಲಿರುವಂಥ ಕೇಂದ್ರವೇ.

ನಮ್ಮ ದೇಶದಲ್ಲೂ ಪದವಿಯ ಮೇಲಿನ ಶುಶ್ರೂಷಾ ಶಿಕ್ಷಣ ಹೊಸದಲ್ಲ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಇಂದಿನ ನಿಮ್ಹಾನ್ಸ್, 1950ರ ದಶಕದಲ್ಲೇ ದಾದಿಯರಿಗೆ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಆರಂಭಿಸಿತ್ತು. ದೆಹಲಿಯಲ್ಲಿ 1959ರಲ್ಲಿ ಶುಶ್ರೂಷಾ ಸ್ನಾತಕೋತ್ತರ ಪದವಿ ಬಂದಿತು. ಭಾರತೀಯ ಶುಶ್ರೂಷಾ ಪರಿಷತ್ತು ಕಳೆದ ದಶಕದಲ್ಲಿ ನರ್ಸ್ ಪ್ರಾಕ್ಟೀಷನರುಗಳಿಗೆಂದು ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವನ್ನು ರೂಪಿಸಿದಾಗ, ಅದು ತೀವ್ರ ನಿಗಾ ಘಟಕಗಳಿಗಾಗಿತ್ತು. ಅಂಥ ಘಟಕಗಳಿರುವುದು ಪಟ್ಟಣದ ಆಸ್ಪತ್ರೆಗಳಲ್ಲಿ. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಸೂತಿ ಸೇವೆಯ ಮಾರ್ಗಸೂಚಿಯನ್ನು ಹೊರಡಿಸಿ, ಹೆರಿಗೆಯಲ್ಲಿ ನಿಪುಣರಾದ ನರ್ಸ್ ಪ್ರಾಕ್ಟೀಷನರುಗಳಿಗೆ 18 ತಿಂಗಳ ತರಬೇತಿಯನ್ನು ಸೂಚಿಸಿತು. ಪಾವಗಡ ತಾಲ್ಲೂಕಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಉಚಿತವಾಗಿ ಮಾಡಿಸಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರು ಕಣ್ಮುಚ್ಚಿದ್ದು ಅದೇ ತಿಂಗಳ 25ರಂದು, ಕ್ರಿಸ್ತ ಜಯಂತಿಯ ದಿನ. ಹಳೆಯ ಕೈ ಕೆಳಗಿಟ್ಟ ದೀಪವನ್ನು ಹೊಸ ಕೈ ಎತ್ತಿಕೊಳ್ಳಬೇಕಾದ ಕಾಲ ಇದೆಂದು ನಮಗೆ ತೋರುತ್ತದೆ. ಕಾನೂನಿನ ಬಾಗಿಲೂ ಮುಚ್ಚಿಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ 32ನೆಯ ಕಲಮಿನಲ್ಲಿ, ವೈದ್ಯರಲ್ಲದ ಅರ್ಹ ಸಮುದಾಯ ಆರೋಗ್ಯ ಸೇವಕರಿಗೆ ಸೀಮಿತ ಪರವಾನಗಿ ನೀಡಲು ಅವಕಾಶವಿದೆ.

ಹಾಗಾದರೆ ನಮ್ಮ ಮೂರು ತಾಲ್ಲೂಕುಗಳಿಗೆ ಬೇಕಾದ್ದೇನು? ಉಪಕೇಂದ್ರಕ್ಕೆ ನೇಮಕವಾದ ದಾದಿಗೆ ಮೊದಲ ಒಂದು ವರ್ಷ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರಗಳನ್ನೇ ಪಾಠಶಾಲೆಯಾಗಿ ಮಾಡಿಕೊಂಡು ಸಂಬಳಸಹಿತ ಸ್ನಾತಕೋತ್ತರ ತರಬೇತಿ ದೊರೆಯಬೇಕು. ವಾರದಲ್ಲಿ ಎರಡು ದಿನ ತನ್ನ ಉಪಕೇಂದ್ರದಲ್ಲಿ ರೋಗಿಗಳನ್ನು ನೋಡಿ, ಉಳಿದ ದಿನ ಹಿರಿಯರ ಮುಂದೆ ಆ ರೋಗಿಗಳ ವಿಚಾರವನ್ನು ಚರ್ಚಿಸಬೇಕು. ಇಲ್ಲಿನ ಪಾಠ ಇಲ್ಲಿನ ರೋಗಗಳಿಂದ ಹುಟ್ಟಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2024ರಲ್ಲಿ ನಮ್ಮ ಜಿಲ್ಲೆಯಲ್ಲೂ ಸಾವು ತಂದಿತು. ದರಕಿಗೆ, ಸೌದೆಗೆ ಕಾಡಿಗೆ ಹೋದವನ ಮೈಗೆ ಉಣುಗು ಕಚ್ಚಿ ಬಂದ ಜ್ವರವನ್ನು ಸಾಮಾನ್ಯ ಜ್ವರದಿಂದ ಬೇರ್ಪಡಿಸಿ ರಕ್ತಪರೀಕ್ಷೆಗೆ ಕಳುಹಿಸುವ ಮೊದಲ ವ್ಯಕ್ತಿ ಈ ದಾದಿಯೇ. ನಮ್ಮ ತೋಟಗಳಲ್ಲಿ ಕಚ್ಚುವ ಹಾವುಗಳೆಲ್ಲ ಒಂದೇ ಬಗೆಯವಲ್ಲ. ಆಸ್ಪತ್ರೆಯಲ್ಲಿ ದೊರೆಯುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಎಂಬ ನಾಲ್ಕು ಜಾತಿಗಳಿಗಾಗಿ ತಯಾರಾದುದು. ಬಯಲುಸೀಮೆಯ ಕಾಲೇಜಿನಲ್ಲಿ ಓದಿ ಬಂದ ಹುಡುಗಿಗೆ ಇದನ್ನು ಮಲೆನಾಡಿನಲ್ಲೇ ಕಲಿಸಬೇಕು.

ದಾದಿಯ ಕೈಗೆ ಚಿಕಿತ್ಸೆಯ ಅಧಿಕಾರ ಕೊಟ್ಟರೆ ಬಡವರಿಗೆ ಎರಡನೆಯ ದರ್ಜೆಯ ವೈದ್ಯ ಸಿಕ್ಕಂತಾಗುವುದಿಲ್ಲವೇ ಎಂದು ಕೆಲವು ವೈದ್ಯಮಿತ್ರರು ಕೇಳಿದ್ದಾರೆ. ಈ ಶಂಕೆ ನ್ಯಾಯವಾದುದು. ವೈದ್ಯರ ಖಾಲಿ ಹುದ್ದೆಗಳನ್ನು ತುಂಬದಿರಲು ದಾದಿಯರನ್ನು ನೆಪ ಮಾಡಿಕೊಳ್ಳಲಾಗದು. ಆದರೆ ತರಬೇತಿ ಕೊಡದೆ ಹೊಣೆ ಮಾತ್ರ ಹೊರಿಸುವ ಈಗಿನ ರೀತಿಯೇ ಬಡವರಿಗೆ ಹೆಚ್ಚಿನ ಅಪಾಯ. ತನ್ನ ಮಿತಿಯೆಲ್ಲಿ, ಯಾವ ಗಳಿಗೆಯಲ್ಲಿ ವೈದ್ಯರನ್ನು ಕರೆಯಬೇಕು ಎಂಬುದನ್ನು ತಿಳಿಸಿಕೊಡುವುದೇ ಆ ಒಂದು ವರ್ಷದ ಮುಖ್ಯ ಪಾಠ.

ಇನ್ನು ನಮ್ಮ ಕರ್ತವ್ಯ. ಇಲ್ಲಿ ನಾವೇ ಒಂದು ಪಾಪನಿವೇದನೆ ಮಾಡಿಕೊಳ್ಳಬೇಕಾಗಿದೆ. ನಮ್ಮ ಧರ್ಮಕೇಂದ್ರದ ಹೆಣ್ಣುಮಕ್ಕಳು ದಾದಿಯರಾಗಿ ಬೆಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ, ಬ್ರಿಟನ್ನಿಗೆ ಹೋಗುವಾಗ ಅವರ ನಡತೆಯ ಪ್ರಮಾಣಪತ್ರಕ್ಕೆ ನಾವು ಸಂತೋಷದಿಂದ ಸಹಿ ಮಾಡಿದ್ದೇವೆ. ಅವರು ಕಳುಹಿಸಿದ ಹಣದಿಂದ ಮನೆಗಳು ಎದ್ದವು, ತಮ್ಮಂದಿರು ಓದಿದರು, ಈ ದೇವಾಲಯದ ಹೊಸ ಹಂಚಿಗೂ ಆ ಹಣ ಬಂದಿದೆ. ಅವರನ್ನು ದೂಷಿಸುವ ಹಕ್ಕು ನಮಗಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಒಬ್ಬಳಿಗಾದರೂ, 'ಮಗಳೇ, ನಮ್ಮ ಉಪಕೇಂದ್ರದಲ್ಲೇ ನಿಲ್ಲು, ನಿನ್ನ ಬೆನ್ನಿಗೆ ನಾವಿದ್ದೇವೆ' ಎಂದು ಹೇಳಿದೆವೆ? ಹೇಳಲಿಲ್ಲ. ಒಂಟಿಯಾಗಿ ಬಿಡುವ ಕೆಲಸಕ್ಕೆ ಯಾರನ್ನು ತಾನೇ ಕರೆಯುವುದು?

ದಯಾಳು ಸಮಾರಿತನ ಸಾಮತಿಯನ್ನು ಎಲ್ಲರೂ ಬಲ್ಲಿರಿ. ಆ ಪುಣ್ಯಾತ್ಮನು ಗಾಯಗಳಿಗೆ ಎಣ್ಣೆ ಹಚ್ಚಿ, ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಕರೆತಂದನು. ನಾವು ಪ್ರಸಂಗಗಳಲ್ಲಿ ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಮರುದಿನ ಆತ ಪ್ರಯಾಣ ಮುಂದುವರಿಸಿದನು. ಗಾಯಾಳುವಿನ ಬಳಿ ಉಳಿದವನು ಛತ್ರದವನು. ಅವನ ಕೈಯಲ್ಲಿ ಎರಡು ನಾಣ್ಯವಿಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುವೆನೆಂಬ ಭರವಸೆಯನ್ನೂ ಸಮಾರಿತನು ಕೊಟ್ಟನು. ನಮ್ಮ ಬೆಟ್ಟಗಳಲ್ಲಿ ರೋಗಿಯ ಬಳಿ ಉಳಿಯುವವಳು ಈ ದಾದಿ. ಅವಳ ಕೈಗೆ ಆ ಎರಡು ನಾಣ್ಯ ಇಡಬೇಕಾದವರು ನಾವು.

ಆದುದರಿಂದ ಶತಮಾನೋತ್ಸವದ ನೆನಪಿಗೆ ಅಮೃತಶಿಲೆಯ ಫಲಕ ಹಾಕುವ ಬದಲು, ದೇವಾಲಯದ ಹಿಂದಿರುವ ಹಳೆಯ ಬೋರ್ಡಿಂಗ್ ಕಟ್ಟಡದ ಎರಡು ಕೊಠಡಿಗಳನ್ನು ದುರಸ್ತಿ ಮಾಡಿಸಿ, ಯಾವ ಜಾತಿ ಮತದವಳೇ ಆಗಲಿ, ಈ ತಾಲ್ಲೂಕುಗಳಿಗೆ ಹೊಸದಾಗಿ ಬರುವ ದಾದಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಬೇಕೆಂಬ ಸಲಹೆಯನ್ನು ಪಾಲನಾ ಸಮಿತಿಯ ಮುಂದೆ ಇಡುತ್ತಿದ್ದೇವೆ. ಅಡಿಕೆ, ಕಾಫಿ ಬೆಳೆಗಾರರ ಸಹಕಾರ ಸಂಘಗಳಲ್ಲಿ ನಮ್ಮ ಎಷ್ಟೋ ಸದಸ್ಯರಿದ್ದಾರೆ. ಮಳ್ಳೂರಿನ ಹಾಲಿನ ರೈತರು ಮಾಡಿದ್ದನ್ನು ನಮ್ಮ ಬೆಳೆಗಾರರು ಮಾಡಲಾರರೇ? ಆರೋಗ್ಯ ಇಲಾಖೆಗೆ ಮನವಿ ಸಲ್ಲಿಸುವಾಗ ಮೂರೂ ತಾಲ್ಲೂಕುಗಳ ಎಲ್ಲ ಧರ್ಮದವರೂ ಒಂದಾಗಿ ಸಹಿ ಹಾಕಲಿ.

ಮರಣದ ದಫ್ತರದ ಇಂದಿನ ಹಾಳೆಗಳಲ್ಲಿ 'ಹೆರಿಗೆ' ಎಂಬ ಶಬ್ದ ಕಾಣುವುದು ಅಪರೂಪ. ಕಲಿತ ಕೈಗಳು ನೂರು ವರ್ಷಗಳಲ್ಲಿ ಅಳಿಸಿದ ಶಬ್ದ ಅದು. ನಮ್ಮ ಮುಂದಿನವರು ದ್ವಿಶತಮಾನೋತ್ಸವಕ್ಕೆ ಅದೇ ದಫ್ತರವನ್ನು ತಿರುವುವಾಗ, 'ದಾರಿಯಲ್ಲಿ' ಎಂಬ ಶಬ್ದವೂ ಅಳಿಸಿಹೋಗಿರಲೆಂದು ದೇವರಲ್ಲಿ ಬೇಡುತ್ತೇವೆ.